ಎಡಗೈಗೆ ಸಿಕ್ಕ ಕೆಲಸ

ಶಿರಂಗಾಲದ ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂನ ಗಾಳಿ ಹಾಕುವ ತಿದಿಯನ್ನು ಇಲಿ ಕಡಿದುಹಾಕಿದ ವರ್ಷ, ಊರಿನ ಮಾಜಿ ಸೈನಿಕರೊಬ್ಬರು ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಕೀಬೋರ್ಡನ್ನು ಮಂದಿರಕ್ಕೆ ತಂದುಕೊಟ್ಟರು. ಅವರ ಮಗಳು ಹೈಸ್ಕೂಲಿನಲ್ಲಿದ್ದಾಗ ಹಟ ಮಾಡಿ ತರಿಸಿಕೊಂಡು, ನಾಲ್ಕು ದಿನ ಒತ್ತಿ ಬಿಟ್ಟಿದ್ದಳಂತೆ. ಪೆಟ್ಟಿಗೆಯ ಮೇಲೆ ಧೂಳು ಕೂತಿತ್ತು. ಒಳಗಿನ ವಾದ್ಯ ಮಾತ್ರ ಹೊಸದರ ಹಾಗೇ ಇತ್ತು. ಶನಿವಾರದ ಭಜನೆಗೆ ಎಲ್ಲರೂ ಸೇರಿದಾಗ ಅದನ್ನು ನನ್ನ ಮುಂದೆ ಇಟ್ಟರು. ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವಳು ನಾನೊಬ್ಬಳೇ.

ನನ್ನ ತವರು ಹೊಳೆಯಾಚೆ, ಹಾಸನ ಜಿಲ್ಲೆಯಲ್ಲಿ. ಅಪ್ಪ ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಅವರ ಪಕ್ಕ ಕೂತು ಕೂತು ನನಗೂ ಬಂದಿತ್ತು. ಮದುವೆಯಾಗಿ ಈ ಕಡೆ ಬಂದ ಮೇಲೆ ಹಗಲೆಲ್ಲ ಮನೆಯವರ ಜೊತೆ ಹಿಟ್ಟಿನ ಮಿಲ್ಲು, ಶನಿವಾರ ಸಂಜೆ ಮಂದಿರ. ಹಾಡುವವರು ಬಾಯಿ ತೆರೆದ ಕೂಡಲೇ ಅವರ ಶ್ರುತಿ ಹಿಡಿದು ಹಿಂದೆ ಹೋಗುವುದು ನನಗೆ ಕಷ್ಟದ ಕೆಲಸವಾಗಿರಲಿಲ್ಲ.

ಸ್ವಿಚ್ ಹಾಕಿ ಒಂದು ದೇವರನಾಮ ಶುರುಮಾಡಿದೆ. ಸ್ವರಗಳೇನೋ ಸರಿಯಾಗಿಯೇ ಬಂದವು. ಆದರೆ ಸ್ವಲ್ಪ ಹೊತ್ತಿಗೆ ಎದುರು ಕೂತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ನೋಡಿಕೊಂಡರೆ, ನನ್ನ ಎಡಗೈ ಕೀಬೋರ್ಡಿನ ಹಿಂಭಾಗಕ್ಕೆ ಹೋಗಿ, ಅಲ್ಲಿಲ್ಲದ ತಿದಿಯನ್ನು ಒತ್ತುತ್ತಿತ್ತು.

"ಗಾಳಿ ಹಾಕ್ದಿದ್ರೂ ಸದ್ದು ಬತ್ತದೆ ಬುಡವ್ವ," ಎಂದರು ಮಂಡಳಿಯಲ್ಲಿ ಮೊದಲು ಹಾಡು ಎತ್ತಿಕೊಡುವ ಹಿರಿಯರು. ಅವರು ನಮ್ಮ ಮನೆಯವರಿಗೆ ದೊಡ್ಡಪ್ಪ ಆಗಬೇಕು, ನಾನೂ ಹಾಗೇ ಕರೆಯುತ್ತೇನೆ. ಎಲ್ಲರ ಜೊತೆ ನಾನೂ ನಕ್ಕೆ. ಅಂದಿನಿಂದ ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ನುಡಿಸತೊಡಗಿದೆ. ಅರ್ಧ ವಾದ್ಯವನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ.

ಅದೇ ಬೇಸಿಗೆಯಲ್ಲಿ ಕುಶಾಲನಗರದಲ್ಲಿ ನೆಂಟರ ಮದುವೆ. ಊಟದ ಹಾಲ್‌ನ ಪಕ್ಕ ಆರ್ಕೆಸ್ಟ್ರಾ ಇಟ್ಟಿದ್ದರು. ಕೀಬೋರ್ಡ್ ನುಡಿಸುತ್ತಿದ್ದವರು ಅರವತ್ತು ದಾಟಿದ, ಕನ್ನಡಕ ಹಾಕಿದ, ತೆಳ್ಳಗಿನ ಹೆಂಗಸು. ಹತ್ತಿ ಸೀರೆಯುಟ್ಟು, ಯಾರ ಕಡೆಗೂ ನೋಡದೆ, ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ಬಲಗೈಯ ಹಾಡು ನನಗೆ ಗೊತ್ತಿದ್ದದ್ದೇ. ನಾನು ನೋಡುತ್ತ ನಿಂತದ್ದು ಅವರ ಎಡಗೈಯನ್ನು. ಮೂರು ಬೆರಳು ಒಟ್ಟಿಗೆ ಊರುತ್ತಿದ್ದವು, ಎದ್ದು ಬೇರೆ ಕಡೆ ಊರುತ್ತಿದ್ದವು. ಪ್ರತಿ ಸಲವೂ ಹಾಡಿನ ಬಣ್ಣವೇ ಬದಲಾಗುತ್ತಿತ್ತು. ಪಾಯಸ ಬಡಿಸಲು ಬಂದಾಗಲೂ ನಾನು ಎಲೆಯ ಮುಂದೆ ಇರಲಿಲ್ಲ ಎಂದು ಅತ್ತೆ ಆಮೇಲೆ ಬೈದರು.

ಅವರು ವಯರು ಸುತ್ತುತ್ತಿದ್ದಾಗ ಹೋಗಿ ಮಾತಾಡಿಸಿದೆ. ಮಾತೃಭಾಷೆ ಮಲಯಾಳ, ಮನೆ ನೆಲ್ಯಹುದಿಕೇರಿ. ಚರ್ಚಿನಲ್ಲಿ ನುಡಿಸುತ್ತಾರೆ, ಮನೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾರೆ.

"ನಂಗೂ ಹೇಳ್ಕೊಡ್ತೀರಾ?" ಎಂದೆ.

"ದೊಡ್ಡವರನ್ನು ನಾನು ತೆಗೊಳ್ಳುದಿಲ್ಲ," ಎಂದರು. "ಮಕ್ಕಳು ಅಳ್ತಾರೆ, ಆದ್ರೆ ಮುಂದಿನ ವಾರ ಬರ್ತಾರೆ. ದೊಡ್ಡವರು ಅಳುದಿಲ್ಲ, ಬರುದೇ ನಿಲ್ಲಿಸ್ತಾರೆ."

"ನಾನು ಬತ್ತೀನಿ."

"ಎಲ್ಲಿಂದ?"

"ಶಿರಂಗಾಲದಿಂದ."

ಅವರು ವಯರು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅಷ್ಟು ದೂರದಿಂದ ಎಂತಕ್ಕೆ ಬರುದು? ಕುಶಾಲನಗರದಲ್ಲಿ ಯಾರೂ ಇಲ್ವಾ?"

ಇರಬಹುದು, ನಾನು ವಿಚಾರಿಸಿರಲಿಲ್ಲ. ನಾನು ನೋಡಿದ್ದು ಇವರ ಕೈಯನ್ನು. ಅದನ್ನೇ ಹೇಳಿದೆ. ಅವರು ಫೋನ್ ನಂಬರ್ ಕೊಟ್ಟರು.

ಮಂಗಳವಾರ ಕುಶಾಲನಗರದ ಸಂತೆ. ಊರಿನ ಜನವೆಲ್ಲ ಆ ಕಡೆ ಹೋಗುವುದರಿಂದ ಅವತ್ತು ನಮ್ಮ ಮಿಲ್ಲಿಗೆ ಕೆಲಸ ಕಡಿಮೆ. ಮನೆಯವರಿಗೆ ವಿಷಯ ಹೇಳಿದೆ. ಮಿಲ್ಲಿನ ಸದ್ದಿನಲ್ಲೇ ವರ್ಷಗಟ್ಟಲೆ ನಿಂತು ಅವರ ಕಿವಿ ಸ್ವಲ್ಪ ಮಂದವಾಗಿದೆ. ಎರಡು ಸಲ ಹೇಳಬೇಕಾಯಿತು.

"ಹೋಗ್ಬಾ, ನಾನ್ ನೋಡ್ಕತೀನಿ," ಎಂದರು. "ಬರೋವಾಗ ಮಿಲ್ಲಿನ ಬೆಲ್ಟ್ ಒಂದ್ ತಗಬಾ," ಎಂದು ಸೇರಿಸಿದರು. ಅಷ್ಟೇ. ಅತ್ತೆ ಮಾತ್ರ ತಿಂಗಳು ಕಳೆಯಲಿ, ಬಿಸಿ ಆರುತ್ತದೆ ಅನ್ನುವ ಮುಖ ಮಾಡಿದರು.

ಹೀಗೆ ಎರಡು ಬಸ್ಸು ಹಿಡಿದು ನೆಲ್ಯಹುದಿಕೇರಿಗೆ ಹೋಗುವುದು ಶುರುವಾಯಿತು. ಗುಡ್ಡೆಹೊಸೂರಿನ ಆಚೆ ಆನೆ ದಾಟುತ್ತಿದೆ ಎಂದು ಬಸ್ಸು ನಿಂತ ದಿನ ತಡವಾಗುತ್ತಿತ್ತು. ಟೀಚರ್ ಅದಕ್ಕೆಲ್ಲ ಏನೂ ಅನ್ನುತ್ತಿರಲಿಲ್ಲ. ಚಿಕ್ಕ ಮನೆ, ಮುಂದಿನ ಕೋಣೆಯಲ್ಲಿ ದೊಡ್ಡ ಕೀಬೋರ್ಡ್, ಎದುರಿಗೆ ಬೆನ್ನಿಲ್ಲದ ಸ್ಟೂಲು.

ಮೊದಲ ದಿನ ನಾನು ನನಗೆ ಬರುವುದನ್ನೆಲ್ಲ ನುಡಿಸಿ ತೋರಿಸಿದೆ. ಅವರು ಕೊನೆಯ ತನಕ ಕೇಳಿ, "ಬಲಗೈ ಚೆನ್ನಾಗಿ ಉಂಟು," ಎಂದರು. "ಇನ್ನು ಆ ಕೈಯನ್ನು ಮಡಿಲಲ್ಲಿ ಇಡಿ. ನಾನು ಹೇಳುವ ತನಕ ತೆಗಿಲಿಕ್ಕೆ ಇಲ್ಲ."

ನನ್ನ ಎಡಗೈಯ ಕಿರುಬೆರಳನ್ನು ಸ-ದ ಮೇಲೆ, ನಡುಬೆರಳನ್ನು ಗ-ದ ಮೇಲೆ, ಹೆಬ್ಬೆರಳನ್ನು ಪ-ದ ಮೇಲೆ ಇಟ್ಟು, ಮೂರನ್ನೂ ಒಟ್ಟಿಗೆ ಒತ್ತಲು ಹೇಳಿದರು. ಅದು ಕಾರ್ಡ್. ಕೇಳಲು ಸುಲಭ. ನನ್ನ ಕಿರುಬೆರಳಿಗೆ ಶಕ್ತಿಯೇ ಇರಲಿಲ್ಲ. ಹೆಬ್ಬೆರಳು ಮೊದಲು ಊರುತ್ತಿತ್ತು, ಕಿರುಬೆರಳು ಆಮೇಲೆ ನೆನಪಾದಂತೆ ಬಂದು ಸೇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಣಿಕಟ್ಟು ತಾನಾಗಿಯೇ ಹಿಂದೆ ಮುಂದೆ ಆಡುತ್ತಿತ್ತು. ಟೀಚರ್ ಅದನ್ನು ಮೆಲ್ಲಗೆ ಹಿಡಿದುಕೊಂಡರು.

"ಇಲ್ಲಿ ಗಾಳಿ ಹಾಕ್ಲಿಕ್ಕೆ ಇಲ್ಲ. ಕರೆಂಟು ಹಾಕ್ತದೆ."

ಸ ಗ ಪ, ಆಮೇಲೆ ಮ ದ ಸ, ಆಮೇಲೆ ಪ ನಿ ರಿ. ಈ ಮೂರರ ನಡುವೆ ಎಡಗೈ ಓಡಾಡುವುದೇ ಮಳೆಗಾಲ ಮುಗಿಯುವ ತನಕ ನನ್ನ ಪಾಠವಾಗಿತ್ತು. ನನಗಿಂತ ಮೊದಲು ಪಾಠ ಮುಗಿಸಿ ಹೋಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಚಪ್ಪಲಿ ಹಾಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು. ಅವಳು ಆ ಮೂರನ್ನು ಯಾವಾಗಲೋ ದಾಟಿ ಮುಂದೆ ಹೋಗಿದ್ದಳು. ನಾಚಿಕೆಯಾಗುತ್ತಿತ್ತು, ಇಲ್ಲವೆನ್ನಲಾರೆ. ಬಸ್ಸಿನಲ್ಲಿ ಬರುವಾಗ ಮುಂದಿನ ಸೀಟಿನ ಕಂಬಿಯ ಮೇಲೆ ಎಡಗೈಯ ಬೆರಳುಗಳನ್ನು ಒತ್ತುತ್ತ ಬರುತ್ತಿದ್ದೆ.

ಮಂಡಳಿಯವರ ಒಪ್ಪಿಗೆ ಕೇಳಿ ಕೀಬೋರ್ಡನ್ನು ಮನೆಗೆ ತಂದಿಟ್ಟುಕೊಂಡಿದ್ದೆ. ಶನಿವಾರ ಮಂದಿರಕ್ಕೆ, ಉಳಿದ ದಿನ ಮನೆಯಲ್ಲಿ. ಒಂದೇ ಕಾರ್ಡನ್ನು ನೂರು ಸಲ ಒತ್ತಿದರೆ ಮನೆಯಲ್ಲಿ ಯಾರು ತಡೆದುಕೊಳ್ಳುತ್ತಾರೆ? ಅದಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ನನ್ನ ಕಿವಿಯಲ್ಲಿ ಸಂಗೀತ, ಹೊರಗಿನವರಿಗೆ ಬರೀ ಪ್ಲಾಸ್ಟಿಕ್ಕಿನ ಟಕಟಕ. ಒಂದು ದಿನ ಹೆಡ್‌ಫೋನ್ ತೆಗೆದಾಗ ಅತ್ತೆ ಪಕ್ಕದ ಮನೆಯವರಿಗೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಕೇಳಿಸಿತು: "ಸದ್ದೂ ಇಲ್ಲ, ಸುದ್ದೀನೂ ಇಲ್ಲ. ಸುಮ್ನೆ ಒತ್ತತಾ ಕೂತ್ಕತಾಳೆ. ಕರದ್ರೂ ತಿರುಗ್ ನೋಡದಿಲ್ಲ. ಯಾಕಿಂಗಾದ್ಲು ಅಂತ ನಂಗೇ ಗೊತ್ತಾಯ್ತಿಲ್ಲ."

ಅವರ ಆತಂಕ ನಿಜವಾದದ್ದೇ ಆಗಿತ್ತು. ನಾನು ಅವರನ್ನು ಕರೆದು ಕೂರಿಸಿ, ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, ಮೂರು ಕಾರ್ಡನ್ನೂ ನುಡಿಸಿದೆ. ಅವರು ಬೆಚ್ಚಿ ಕೈಯಿಂದ ಕಿವಿ ಮುಟ್ಟಿಕೊಂಡರು. "ಅಯ್ಯೋ, ತಲೆ ಒಳ್ಗೇ ನುಡುಸ್ದಂಗಾಯ್ತದಲ್ಲೇ!" ಎಂದರು. ಆಮೇಲೆ ಪಕ್ಕದ ಮನೆಯವರ ಮುಂದೆ ಅಂಥ ಮಾತು ಬರಲಿಲ್ಲ.

ಎರಡು ಕೈ ಒಟ್ಟಿಗೆ ಬರತೊಡಗಿದ ಮೇಲೆ ನನಗೆ ಸ್ವಲ್ಪ ಉಮೇದು ಜಾಸ್ತಿಯಾಯಿತು. ಒಂದು ಶನಿವಾರ ಭಜನೆಯಲ್ಲಿ, ಯಾರಿಗೂ ಹೇಳದೆ, ದೊಡ್ಡಪ್ಪ ಹಾಡು ಎತ್ತಿಕೊಂಡ ಕೂಡಲೇ ಎಡಗೈಯಲ್ಲಿ ಕಾರ್ಡ್ ಹಾಕಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ದನಿ ತಡವರಿಸಿತು. ಎರಡನೆಯ ಸಾಲಿನಲ್ಲಿ ನಿಂತೇ ಹೋಯಿತು. ತಾಳ ಹಾಕುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿದರು.

"ಏನವ್ವ ಅದು, ಕೆಳಗೆ ಬೇರೆ ಯಾರೋ ಹಾಡ್ದಂಗೆ?" ಎಂದರು ದೊಡ್ಡಪ್ಪ. ಸಿಟ್ಟಿರಲಿಲ್ಲ. ನಿಜವಾಗಿಯೂ ದಾರಿ ತಪ್ಪಿದವರ ಹಾಗೆ ಕೇಳಿದರು. "ನಾನು ನಿಂತ್ಕಳಾಕೇ ಜಾಗ ಸಿಗ್ಲಿಲ್ಲ ಕಣವ್ವ."

ನಾನು ಎಡಗೈ ತೆಗೆದು, ಬಲಗೈಯಲ್ಲಷ್ಟೇ ಮತ್ತೆ ನುಡಿಸಿದೆ. ಹಾಡು ಸರಿಯಾಯಿತು. ಮನೆಗೆ ಬಂದ ಮೇಲೆ ಬಹಳ ಬೇಸರವಾಯಿತು. ಇಷ್ಟು ಕಷ್ಟಪಟ್ಟು ಕಲಿತದ್ದು ನನ್ನ ಮಂದಿರಕ್ಕೇ ಬೇಡವಾದರೆ ಯಾಕೆ ಕಲಿಯಬೇಕು? ಮುಂದಿನ ಮಂಗಳವಾರ ಟೀಚರ್ ಹತ್ತಿರ ಹೇಳಿಕೊಂಡೆ.

"ಆ ಹಾಡು ಹಾಡು, ಕೇಳುವ," ಎಂದರು. ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ಒಂದು ಕಾರ್ಡ್ ಒತ್ತಿ, ತಲೆಯಾಡಿಸಿ, ಕೈ ತೆಗೆದರು. ಇನ್ನೊಂದು ಒತ್ತಿದರು, ಅದನ್ನೂ ಬಿಟ್ಟರು. "ನೋಡು, ಆ ಮನುಷ್ಯ ಸ್ವರವನ್ನು ಎಳೆದು ಎಳೆದು ಹಾಡುದು. ನೀನು ಕೆಳಗೆ ಮೂರು ಕಲ್ಲು ಇಟ್ಟರೆ ಅವನಿಗೆ ಎಡವುದೇ ಕೆಲಸ. ಇದಕ್ಕೆ ಸ ಮತ್ತು ಪ ಸಾಕು. ಎಡಗೈ ಸುಮ್ಮನೆ ಇರ್ಲಿಕ್ಕೂ ಕಲಿಬೇಕು, ಮೋಳೆ."

ಅವರು ನನ್ನನ್ನು ಮಗಳೇ ಎಂದು ಕರೆದದ್ದು, ನೀನು ಎಂದದ್ದು ಅವತ್ತೇ ಮೊದಲು.

ಹೀಗೆ ಒಂದೂವರೆ ವರ್ಷವಾಗಿರಬಹುದು. ಒಂದು ಬೆಳಿಗ್ಗೆ ಟೀಚರ್ ಫೋನ್ ಮಾಡಿದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿದ್ದರು. ಅವರು ಫೋನ್ ಮಾಡಿದ್ದು ಅದನ್ನು ಹೇಳಲಿಕ್ಕಲ್ಲ.

"ಮುಂದಿನ ಭಾನುವಾರ ಕೊಡ್ಲಿಪೇಟೆಯಲ್ಲಿ ಬೀಗರೂಟದ ಪ್ರೋಗ್ರಾಂ ಉಂಟು. ನೀನು ಹೋಗಬೇಕು."

"ನಾನಾ? ಟೀಚರ್, ನಂಗೆ ಆಗಲ್ಲ."

"ಹಾಡುವವರಿಗೆ ನಾನು ಹೇಳಿ ಆಯ್ತು. ನಾಡಿದ್ದು ಕುಶಾಲನಗರದಲ್ಲಿ ಪ್ರಾಕ್ಟೀಸ್," ಎಂದು ಫೋನ್ ಇಟ್ಟರು.

ಆರ್ಕೆಸ್ಟ್ರಾ ಎಂದರೆ ದೊಡ್ಡ ತಂಡವೇನಲ್ಲ. ಕೂಲ್‌ಡ್ರಿಂಕ್ಸ್ ಅಂಗಡಿ ನಡೆಸುವ ಗಾಯಕರು, ಅವರ ಜೊತೆ ಹಾಡುವ ಅವರ ತಂಗಿ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು ರಿದಂ ಪ್ಯಾಡ್ ನುಡಿಸುವ ಒಬ್ಬರು, ಮತ್ತು ಕೀಬೋರ್ಡ್. ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಾಕ್ಟೀಸ್. ಗಾಯಕರು ನನ್ನನ್ನು ನೋಡಿ ನಮಸ್ಕಾರ ಮಾಡಿದರೂ ಮುಖದಲ್ಲಿ ಅನುಮಾನವಿತ್ತು.

"ಅಕ್ಕ, ಭಜನೆ ಬೇರೆ, ಇದು ಬೇರೆ. ಇಲ್ಲಿ ಜನ ಊಟ ಮಾಡ್ತಾ ಇರ್ತಾರೆ. ಚೆನ್ನಾಗಿ ನುಡ್ಸಿದ್ರೆ ಯಾರಿಗೂ ಕೇಳ್ಸಲ್ಲ. ತಪ್ಪಾದ್ರೆ ಮಾತ್ರ ಎಲ್ರಿಗೂ ಕೇಳ್ಸುತ್ತೆ."

ಅವರು ಹಾಡುವ ಶ್ರುತಿ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಕೀಯೇ ಅವರ ಸ; ಕೀಗಳಿಗೆ ನಾವು ಮನೆ ಅನ್ನುತ್ತೇವೆ. ನನ್ನ ಬಲಗೈಗೆ ಅದು ತೊಂದರೆಯಲ್ಲ, ಹಾರ್ಮೋನಿಯಂನಲ್ಲಿ ಎಲ್ಲ ಮನೆಗಳಿಂದಲೂ ನುಡಿಸಿ ಅಭ್ಯಾಸವಿತ್ತು. ಎಡಗೈ ಮಾತ್ರ ಆಗಿನ್ನೂ ಬಿಳಿ ಮನೆಗಳ ಕಾರ್ಡುಗಳನ್ನಷ್ಟೇ ಕಲಿತಿತ್ತು. ಇದಕ್ಕೆ ಕೀಬೋರ್ಡಿನಲ್ಲಿ ಒಂದು ಉಪಾಯವಿದೆ. ಶ್ರುತಿ ಬದಲಿಸುವ ಬಟನ್ ಒತ್ತಿಟ್ಟುಕೊಂಡರೆ, ನಾವು ಬಿಳಿ ಒಂದರಿಂದ ನುಡಿಸಿದರೂ ಹೊರಗೆ ಕಪ್ಪು ಎರಡೇ ಕೇಳಿಸುತ್ತದೆ. ಟೀಚರ್ ಫೋನಿನಲ್ಲಿ, "ಈಗ ಅದನ್ನು ಒತ್ತಿ ನುಡಿಸು, ಸಮಯ ಇಲ್ಲ. ಆಮೇಲೆ ಕಲಿಸ್ತೇನೆ," ಎಂದರು. ತಂಡದವರು ತಂದಿಟ್ಟಿದ್ದ ಅವರ ದೊಡ್ಡ ಕೀಬೋರ್ಡಿನಲ್ಲಿ ಪ್ರತಿ ಹಾಡಿಗೂ ಬೇಕಾದ ಶ್ರುತಿ, ಕೊಳಲೋ ಪಿಟೀಲೋ ಬೇಕಾದ ನಾದ, ಎಲ್ಲವನ್ನೂ ಒಂದೊಂದು ಬಟನ್ನಿಗೆ ಹೊಂದಿಸಿಕೊಂಡೆ.

ಭಾನುವಾರ ಕೊಡ್ಲಿಪೇಟೆಯ ಕಲ್ಯಾಣ ಮಂಟಪ. ಹೊರಗೆ ಒಲೆಗಳ ಮೇಲೆ ಬಾಡೂಟ ಬೇಯುತ್ತಿತ್ತು. ಜನ ಪಂಕ್ತಿಗೆ ಕಾಯುತ್ತ ಕುರ್ಚಿಗಳಲ್ಲಿ ತುಂಬಿದ್ದರು. ಸ್ಟೇಜಿನ ಮೇಲೆ ನಿಂತಾಗ ನನ್ನ ಅಂಗೈ ಬೆವರಿ ಮನೆಗಳ ಮೇಲೆ ಜಾರುತ್ತಿತ್ತು, ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದೆ. ಮೊದಲ ಹಾಡುಗಳು ಹೇಗೋ ಹೋದವು. ತಪ್ಪಾಗಲಿಲ್ಲ. ಗಾಯಕರು ಹೇಳಿದ ಹಾಗೇ ಯಾರೂ ನಮ್ಮ ಕಡೆ ನೋಡಲೂ ಇಲ್ಲ. ನನಗೆ ಧೈರ್ಯ ಬಂತು.

ಆಗ ಕರೆಂಟು ಹೋಯಿತು. ಫ್ಯಾನು, ಮೈಕು, ಕೀಬೋರ್ಡು ಎಲ್ಲ ಒಟ್ಟಿಗೆ ಸತ್ತವು. ಮಂಟಪದವರು ಓಡಿಹೋಗಿ ಜನರೇಟರ್ ಹಾಕಿದರು. ಸ್ಪೀಕರಿನಲ್ಲಿ ಡಬ್ ಎಂದು ಸದ್ದು ಬಂದ ಕೂಡಲೇ ಗಾಯಕರು, ಜನ ಎದ್ದು ಹೋಗಬಾರದೆಂದು, ಮುಂದಿನ ಹಾಡನ್ನು ಬಾಯಲ್ಲೇ ಎತ್ತಿಕೊಂಡುಬಿಟ್ಟರು. ನಾನೂ ಕೈ ಇಟ್ಟೆ. ಹೊರಗೆ ಬಂದದ್ದು ಬೇರೆಯೇ ಶ್ರುತಿ. ಗಾಯಕರು ಒಂದು ಕಡೆ, ನಾನು ಇನ್ನೊಂದು ಕಡೆ. ಊಟದ ಪಂಕ್ತಿಯಲ್ಲಿದ್ದವರೂ ತಲೆಯೆತ್ತಿ ನೋಡಿದರು.

ಕರೆಂಟು ಹೋದಾಗ ಕೀಬೋರ್ಡ್ ನಾನು ಒತ್ತಿಟ್ಟಿದ್ದ ಬಟನ್ನನ್ನು ಮರೆತು ಮೊದಲಿನ ಸ್ಥಿತಿಗೆ ಬಂದಿತ್ತು. ಶ್ರುತಿಯ ಹೊಂದಾಣಿಕೆ ಹೋಗಿತ್ತು, ಕೊಳಲಿನ ನಾದ ಹೋಗಿತ್ತು, ಉಳಿದಿದ್ದದ್ದು ಬರೀ ಪಿಯಾನೋ. ನಾನು ಹೊಂದಿಸಿಟ್ಟ ಬಟನ್ ಹುಡುಕಲು ಹೊತ್ತಿರಲಿಲ್ಲ. ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಂತೆ. ಗಾಯಕರು ತಿರುಗಿ ನೋಡಿದರು, ಆದರೆ ಹಾಡು ನಿಲ್ಲಿಸಲಿಲ್ಲ. ನಾನು ಅವರ ದನಿಯನ್ನಷ್ಟೇ ಕೇಳಿದೆ. ಕಪ್ಪು ಎರಡು. ಬಲಗೈ ಹೋಗಿ ಅಲ್ಲಿ ಕೂತಿತು. ಎಡಗೈಗೆ ಅಲ್ಲಿನ ಕಾರ್ಡುಗಳು ಗೊತ್ತಿರಲಿಲ್ಲ, ಹಾಗಾಗಿ ಸ ಮತ್ತು ಪ, ಎರಡೇ ಬೆರಳು ಇಟ್ಟೆ. ಎಲ್ಲೆಲ್ಲಿ ಅದೂ ಹೊಂದುವುದಿಲ್ಲ ಅನ್ನಿಸಿತೋ ಅಲ್ಲಿ ಎತ್ತಿಬಿಟ್ಟೆ. ರಿದಂ ಪ್ಯಾಡಿನವರು ನನ್ನ ಅವಸ್ಥೆ ನೋಡಿ ತಮ್ಮ ಹೊಡೆತವನ್ನು ತಗ್ಗಿಸಿ ಜಾಗ ಮಾಡಿಕೊಟ್ಟರು. ಹಾಡು ಮುಗಿಯುವ ಹೊತ್ತಿಗೆ ನನ್ನ ಕುಪ್ಪಸದ ಬೆನ್ನು ಒದ್ದೆಯಾಗಿತ್ತು.

ಜನ ಊಟಕ್ಕೆ ಮರಳಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಂದಿಬ್ಬರು ಮುದುಕರು ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ಗೊತ್ತಿಲ್ಲ.

ಸಾಮಾನು ಕಟ್ಟುವಾಗ ಗಾಯಕರು ಬಂದರು. ಬೈಯುತ್ತಾರೆ ಅಂದುಕೊಂಡೆ.

"ಮೊದ್ಲು ಆ ಅಪಸ್ವರ ಬಂತಲ್ಲ, ನನ್ ಜೀವಾನೇ ಹೋಯ್ತು ಅಕ್ಕ," ಎಂದರು. ಆಮೇಲೆ, "ಆದ್ರೆ ಆ ಹಾಡಿಗೆ ಕೊಳಲು ಬೇಡ. ಅದೇ ಪಿಯಾನೋ ಇಟ್ಕೊಳಿ," ಎಂದು ಹೇಳಿ ಊಟಕ್ಕೆ ಕರೆದುಕೊಂಡು ಹೋದರು. ಎಲೆಯ ಮುಂದೆ ಕೂತಾಗಲೂ ನನಗೆ ಸಂತೋಷವೋ ಹೆದರಿಕೆಯೋ, ಎರಡೂ ಇತ್ತು.

ಮಂಗಳವಾರ ನೆಲ್ಯಹುದಿಕೇರಿಗೆ ಹೋದಾಗ ಟೀಚರ್ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಗಾಯಕರು ಆಗಲೇ ಫೋನ್ ಮಾಡಿ ಎಲ್ಲ ಹೇಳಿದ್ದರಂತೆ. ಅವರು ಹೊಗಳಲಿಲ್ಲ.

"ಕಪ್ಪು ಎರಡರಲ್ಲಿ ನಿನ್ನ ಎಡಗೈಗೆ ಎರಡೇ ಬೆರಳು ಸಿಕ್ಕಿತು ಅಲ್ವಾ? ಒಳಗೆ ಬಾ. ಇವತ್ತು ಮೂರನೇದನ್ನು ಇಡುವ." ಬಲಗೈ ಆಡದಿದ್ದರಿಂದ ಎಡಗೈಯಲ್ಲೇ ತೋರಿಸಿದರು. ಆ ವರ್ಷವೆಲ್ಲ ಅದೇ ಪಾಠ: ಕಪ್ಪು ಮನೆ, ಬಿಳಿ ಮನೆ, ಯಾವುದರಿಂದ ಹೊರಟರೂ ಎಡಗೈ ದಾರಿ ಕಂಡುಕೊಳ್ಳಬೇಕು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವರ ಮಣಿಕಟ್ಟು ಮೊದಲಿನ ಹಾಗಾಗಲಿಲ್ಲ. ಚರ್ಚಿನಲ್ಲಿ ಎರಡು ಮೂರು ಹಾಡು ನುಡಿಸುವಷ್ಟಕ್ಕೆ ಸರಿ, ಅದಕ್ಕಿಂತ ಹೆಚ್ಚಾದರೆ ಊದಿಕೊಳ್ಳುತ್ತಿತ್ತು. ಆರ್ಕೆಸ್ಟ್ರಾಕ್ಕೆ ಇನ್ನು ಮುಂದೆ ನೀನೇ ಹೋಗು ಎಂದರು. ನಾನು ಒಪ್ಪಲಿಲ್ಲ. ಅದು ಅವರ ಜಾಗ.

"ಜಾಗ ಎಂತದ್ದು?" ಎಂದರು. "ಅಷ್ಟು ಹೊತ್ತು ನಿಂತು ನುಡಿಸ್ಲಿಕ್ಕೆ ನನಗೆ ಇನ್ನು ಆಗುದಿಲ್ಲ. ನನಗೆ ಬೇಜಾರು ಇಲ್ಲ ಅಂತ ಹೇಳುದಿಲ್ಲ. ಬೇಜಾರು ಉಂಟು. ಆದ್ರೂ ಹೋಗು." ಹೇಳಿ, ಎದ್ದು ಒಳಗೆ ಚಹಾ ಮಾಡಲು ಹೋದರು. ನಾನು ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ಅವರಿಗೆ ಒಳಗೇ ಇರಬೇಕಿತ್ತು ಅನ್ನಿಸಿತು.

ಈಗ ಮದುವೆ ತಿಂಗಳುಗಳಲ್ಲಿ ಕೊಡ್ಲಿಪೇಟೆ, ಶನಿವಾರಸಂತೆ, ಕುಶಾಲನಗರ ಎಂದು ಓಡಾಡುತ್ತೇನೆ. ಮಂದಿರದ ಹಾರ್ಮೋನಿಯಂಗೆ ಹೊಸ ತಿದಿ ಹಾಕಿಸಿದ್ದಾರೆ. ಶನಿವಾರ ಅದನ್ನೇ ನುಡಿಸುತ್ತೇನೆ, ದೊಡ್ಡಪ್ಪನಿಗೂ ಅದೇ ಹಿತ. ಮನೆಯವರು ಒಂದು ಸಲ ನನ್ನ ಪ್ರೋಗ್ರಾಂ ನೋಡಲು ಬಂದರು. ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೊನೆಯವರೆಗೆ ಕೂತಿದ್ದರು. ಬೈಕಿನಲ್ಲಿ ಬರುವಾಗ, "ಚೆನ್ನಾಗ್ ಕೇಳುಸ್ತು," ಎಂದರು. ಅತ್ತೆ, ನಾನಿಲ್ಲದಾಗ ಮಿಲ್ಲಿಗೆ ಬಂದವರು ನನ್ನನ್ನು ವಿಚಾರಿಸಿದರೆ, "ಡ್ಯೂಟಿಗೆ ಹೋಗವಳೆ," ಎನ್ನುತ್ತಾರಂತೆ.

ಮಂಗಳವಾರದ ಪಾಠ ನಿಂತಿಲ್ಲ. ಟೀಚರ್ ಈಗ ಐದು ಗೆರೆಯ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಓದಲು ಕಲಿಸುತ್ತಿದ್ದಾರೆ. ಮಕ್ಕಳ ಮೊದಲ ಪುಸ್ತಕದಲ್ಲಿದ್ದೇನೆ. ಕಪ್ಪು ಚುಕ್ಕೆಗಳು ಇನ್ನೂ ನನಗೆ ಇರುವೆ ಸಾಲಿನ ಹಾಗೆಯೇ ಕಾಣುತ್ತವೆ. ಹೋದ ವಾರ ಒಂದು ಸಾಲನ್ನು ನಿಲ್ಲಿಸದೆ ಓದಿ ನುಡಿಸಿದೆ. "ಇನ್ನೊಮ್ಮೆ," ಎಂದರು ಟೀಚರ್. ಎರಡನೆಯ ಸಲ ನಡುವೆ ತಪ್ಪಿತು. ಈ ವಾರ ಅದನ್ನೇ ಅಭ್ಯಾಸ ಮಾಡುತ್ತಿದ್ದೇನೆ.